ಏಳನೇ ಕಾಲಂ

ಜಾವಳಿ ದಾಟಿ ಎಡಕ್ಕೆ, ಎಸ್ಟೇಟಿನ ತಂತಿಬೇಲಿ ನುಸುಳಿ,
ಹೇಮಾವತಿ ಇನ್ನೂ ಹೇಮಾವತಿ ಆಗದ ಕಡೆ
ಮೊಣಕಾಲುದ್ದ ನೀರಲ್ಲಿ ನಿಂತಿದ್ದೇವೆ:
ಜರಡಿ ಹಿಡಿದ ಲವೀನಾ ಮೇಡಂ,
ಬಾಟಲಿ ಹಿಡಿದ ನಾನು, ಕಾಲೇಜಿನ ಅಟೆಂಡರು.

ಕಲ್ಲು ಮಗುಚಿದರೆ ಅಡಿಯಲ್ಲಿ
ಉಗುರಿನಷ್ಟು ಒಂದು ಕೊಳವೆ. ನಡೆಯುತ್ತದೆ.
ಮರಳು, ಕಾಗೆಬಂಗಾರದ ಚೂರು
ತನ್ನದೇ ಜೊಲ್ಲಿನ ರೇಷ್ಮೆಯಲ್ಲಿ ಹೊಲಿದುಕೊಂಡು
ಒಳಗೆ ಕೂತಿದೆ ಹುಳ.
ತಲೆ ಆಚೆ, ಆರು ಕಾಲು ಆಚೆ,
ಉಳಿದ ಮಾನವೆಲ್ಲ ಒಳಗೆ.

ಇದರ ಕುಲಕ್ಕೆ ಲ್ಯಾಟಿನ್ನಿನಲ್ಲಿ ಉದ್ದ ಹೆಸರು;
ಪಾಚಿಗಲ್ಲಿನ ಮೇಲೆ ಕಾಲು ಜಾರಿದ ಹಾಗೆ
ನನ್ನ ನಾಲಿಗೆ ಅಲ್ಲಿ ಜಾರುತ್ತದೆ.
ಬಟ್ಟೆ ಒಗೆಯಲು ಬಂದ ದುಗ್ಗಮ್ಮ ಅಂದಳು,
"ನಾವು ಕೋಟುಹುಳ ಅಂತೀವಿ."

ಮೇಡಂ ನಮೂನೆ ತುಂಬುತ್ತಾರೆ:
ನೀರಿನ ಬಿಸಿ, ಹರಿವು, ಅಡಿಗಲ್ಲಿನ ಬಗೆ.
ಏಳನೇ ಕಾಲಂ, ಸಂರಕ್ಷಣಾ ಸ್ಥಿತಿ.
ಅಲ್ಲಿ ಪೆನ್ನು ನಿಲ್ಲುತ್ತದೆ.
ಕುಲ ಗೊತ್ತು, ಹೆಸರು ಗೊತ್ತಿಲ್ಲ.
ಹೆಸರಿಲ್ಲದ್ದನ್ನು ಅಳಿವಿನ ಅಂಚಿನಲ್ಲಿದೆ ಅನ್ನುವಂತಿಲ್ಲ,
ಅಂಚು ದಾಟಿ ಬಿದ್ದರೂ ಅನ್ನುವಂತಿಲ್ಲ.
ಹೆಸರಿಡಲು ರೆಕ್ಕೆ ಬಂದ ಗಂಡೇ ಬೇಕಂತೆ,
ಅದರ ಹಿಂತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಂತೆ.

"ಇದಕ್ಕೂ ಗಂಡನ ಹೆಸರು ಕೇಳ್ತಾರಾ?"
ಸೀರೆ ಹಿಂಡುತ್ತ ನಕ್ಕಳು ದುಗ್ಗಮ್ಮ.
ಮೂರು ಸಲ ವಾಪಸು ಬಂದಿದೆಯಂತೆ
ಅವಳ ಮನೆಯ ಅರ್ಜಿ, ಅಂಥದೇ ಒಂದು ಕಾಲಮ್ಮಿಗೆ.

ರಾತ್ರಿ ಬಿಳಿ ಪಂಚೆ ಕಟ್ಟಿ ದೀಪ ಹಚ್ಚಿದೆವು.
ಗೆದ್ದಲು ಬಂದವು, ಪತಂಗ ಬಂದವು,
ಒಂದು ದುಂಬಿ ನನ್ನ ಕಾಲರಿನೊಳಕ್ಕೇ.
ಹನ್ನೊಂದೂವರೆಗೆ ಮೇಡಂ ಉಸಿರು ಹಿಡಿದರು:
ಕಂದು ರೆಕ್ಕೆ, ಜೋಪಡಿ ಮಾಡಿನ ಹಾಗೆ ಮಡಿಚಿ,
ಉದ್ದ ಮೀಸೆ.
ಹೆಣ್ಣು.

ಮತ್ತೆ ಹೋದದ್ದು ಜನವರಿಯಲ್ಲಿ.
ಮೇಲಿನ ತೋಟದ ಪಲ್ಪರ್ ಓಡುತ್ತಿತ್ತು.
ಹಳ್ಳಕ್ಕೆ ಚಾ ಬಣ್ಣ, ಹುಳಿ ನಾತ.
ಕಲ್ಲು ಮಗುಚಿದೆ. ಕೊಳವೆಗಳಿದ್ದವು, ಖಾಲಿ.
ಒಂದರಲ್ಲಿ ಮರಳಿನ ನಡುವೆ ಕೆಂಪು ಬಳೆಚೂರು,
ಒಗೆಯುವಾಗ ಒಡೆದದ್ದಿರಬೇಕು.
ಹೊಲಿಗೆ ಮಾತ್ರ ಇನ್ನೂ ಗಟ್ಟಿ.

ಈಗ ಮೂಡಿಗೆರೆಯಲ್ಲಿ, ಕಾಲೇಜಿನ ಕಪಾಟಿನೊಳಗೆ
ಹದಿನಾಲ್ಕು ಬಾಟಲಿ.
ಸ್ಪಿರಿಟ್ ಆರದಂತೆ ತುಂಬುವ ಕೆಲಸ ನನ್ನದು.
ಇತ್ತು ಅನ್ನುವುದಕ್ಕೆ ಸತ್ತವೇ ಸಾಕ್ಷಿ.
ಏಳನೇ ಕಾಲಮ್ಮಿನಲ್ಲಿ ಮೇಡಂ ಒಂದು ಗೀಟು ಎಳೆದಿದ್ದಾರೆ.

ಶಾಯಿಯಾದರೆ ಸ್ಪಿರಿಟ್ಟಿನಲ್ಲಿ ಕದಡಿಹೋಗುತ್ತದೆ,
ಪೆನ್ಸಿಲ್ ಅಳಿಯುವುದಿಲ್ಲ.
ಲೇಬಲ್ಲಿನ ಹಿಂಬದಿಗೆ ನಾನು ಬರೆದಿದ್ದೇನೆ:
ಕೋಟುಹುಳ. ಜಾವಳಿ ಹಳ್ಳ.
ಹೇಳಿದವರು ದುಗ್ಗಮ್ಮ.