ಕಲ್ಲಿನ ಮುಂದೆ ಕಸಬರಿಗೆ

ಸಂತೆಪೇಟೆಯಲ್ಲಿ ಬೆಳಗಿನ ಜಾವ ನಾಕೂವರೆಗೆ
ಬಾಷಣ್ಣನ ಟೀ ಅಂಗಡಿ ಟಿವಿಯೊಳಗೆ
ಇಬ್ಬರು ಹೆಂಗಸರು ಬೂಟು ಪ್ಯಾಂಟು ತೊಟ್ಟು
ಹಿಮದ ಮೇಲೆ ಕಸ ಗುಡಿಸ್ತಿದ್ರು.

ಅದೇನು ಗುಡಿಸೋದು!
ಡೀಸಿ ಸಾಹೇಬರು ರೌಂಡ್ಸ್ ಬರೋ ದಿನ
ಮೇಸ್ತ್ರಿ ನಮ್ಮ ಕೈಲಿ ಗುಡಿಸಿದ ಹಂಗೆ.
ಅವರ ಹಿಂದೆ ಒಂದು ಕಲ್ಲು ಬರ್ತಿತ್ತು, ನಿಧಾನ,
ಬೀಸೋ ಕಲ್ಲಿನ ಮೇಲ್ಗಲ್ಲೇ ಸರಿ, ಗೂಟದ ಸಮೇತ,
ರಾಗಿಯ ಮೇಲೆ ಮುನಿಸಿಕೊಂಡು ಮನೆ ಬಿಟ್ಟ ಹಂಗೆ.

‘ಏನು ಬಾಷಣ್ಣ, ಇವರದೂ ಪರ್ಮನೆಂಟ್ ಆಗಿಲ್ವಾ?’
ಟೀ ಸೋಸ್ತಾ ಅಂದ: ‘ಆಟ ಕಣಕ್ಕ ಅದು.
ದೇಶದೇಶದೋರು ಬಂದು ಆಡೋ ಆಟ.
ಗೆದ್ರೆ ಕೊರಳಿಗೆ ಚಿನ್ನ.’

ಕಸಬರಿಗೆ ಗೋಡೆಗೆ ಒರಗಿಸಿ ಕೂತೆ.
ಇಪ್ಪತ್ತೆರಡು ವರ್ಷ,
ಬಿ.ಡಿ. ರಸ್ತೆ ಆ ತುದಿಯಿಂದ ಈ ತುದಿ.
ನಾ ಗುಡಿಸಿದ ದಾರಿಮೇಲೆ ಏನೆಲ್ಲ ಹೋಗಿಲ್ಲ:
ಮಂತ್ರಿ ಕಾರು, ಹೆಣದ ವ್ಯಾನು,
ಕೋಟೆ ನೋಡೋಕೆ ಬಂದ ಶಾಲೆ ಮಕ್ಕಳ ಬಸ್ಸು.
ಯಾವುದು ಎಲ್ಲಿ ಮುಟ್ಟಿತೋ
ತಿರುಗಿ ಬಂದು ಒಬ್ಬರೂ ಹೇಳಲಿಲ್ಲ.

ಮನೆಗೆ ಬಂದು ತಮ್ಮನಿಗೆ ಹೇಳಿದೆ.
ಪಾಲಯ್ಯ ನಗಲಿಲ್ಲ. ಕಲ್ಲಿನ ಮಾತಿಗೆ ಅವನು ನಗೋನಲ್ಲ.
ಕ್ವಾರಿಯಲ್ಲಿ ಸರಪಳಿ ತಪ್ಪಿದ ಬ್ಲಾಕು
ಎರಡು ಕಾಲೂ ಇಟ್ಟುಕೊಂಡು ಅವನನ್ನ ವಾಪಸ್ ಕಳಿಸಿತ್ತು.
ಕೇಳಿದೋರಿಗೆ ಅವನು ಹೇಳೋದು ಇಷ್ಟೇ:
‘ಕಲ್ಲಿನ ತಪ್ಪಿಲ್ಲ. ಇಳಿಜಾರಿತ್ತು.’

ಮೊಬೈಲಿನಲ್ಲಿ ಬೆರಳಾಡಿಸಿ ತೆಗೆದ.
‘ನೋಡಿಲ್ಲಿ, ಇದು ನಮ್ಮೋರ ಆಟ.’
ಅದೇ ಹಿಮ. ಅದೇ ಕಲ್ಲು.
ಗಾಲಿಕುರ್ಚಿಯಲ್ಲಿ ಕೂತೋರು ಉದ್ದನೆ ಕೋಲಿಂದ ನೂಕ್ತಾರೆ.
ನನ್ನ ಕಣ್ಣು ನನ್ನೋರನ್ನ ಹುಡುಕಿತು.
‘ಗುಡಿಸೋರೆಲ್ಲಿ?’
‘ಇದರಲ್ಲಿ ಗುಡಿಸೋರಿಲ್ಲ. ಕಾನೂನೇ ಹಂಗೆ.
ಕೋಲು ಬಿಟ್ಟ ಮೇಲೆ ಕಲ್ಲಿಗೆ ಕಲ್ಲೇ ದಿಕ್ಕು.’

ಹೊಟ್ಟೆ ಚುರ್ ಅಂತು.
ನೆಟ್ಟಗೆ ನಡೆಯೋರಿಗೆ ಇಬ್ಬಿಬ್ಬರು ಗುಡಿಸ್ತಾರೆ,
ಇವರಿಗೆ ಒಬ್ಬರೂ ಇಲ್ಲವಾ?
ಅವನ ಮುಖ ಬೇರೆಯೇ ಆಗಿತ್ತು:
‘ಅದೇ ಚೆಂದ ಕಣೆ.
ಅಯ್ಯೋ ಪಾಪ ಅಂತ ಯಾರೂ ಮುಂದೆ ಓಡಿ ಬರಲ್ಲ.’
ಆಮೇಲೆ ಪರದೆ ಮೇಲೆ ಬೆರಳಿಟ್ಟು ತೋರಿಸಿದ:
ಎಸೆಯೋನ ಹಿಂದೆ ಇನ್ನೊಂದು ಕುರ್ಚಿ.
ಮುಂದಿನ ಕುರ್ಚಿ ಜಾರದ ಹಂಗೆ
ಅದರೊಳಗಿನೋನು ಗಟ್ಟಿಯಾಗಿ ಹಿಡಕೊಂಡು ಕೂತಿದ್ದ.
ಅವನ ಕಡೆ ಕ್ಯಾಮೆರಾ ಸರಿಯಾಗಿ ತಿರುಗಲೇ ಇಲ್ಲ.

ಭಾನುವಾರ ಮೂರೂವರೆ.
ಜೋಗಿಮಟ್ಟಿ ಕಡೆಯಿಂದ ಚಳಿಗಾಳಿ.
ಬಸ್ ಸ್ಟ್ಯಾಂಡಿನ ಹೊಸ ಗ್ರಾನೈಟ್ ನೆಲಕ್ಕೆ
ನಾಕು ಬಕೆಟ್ ನೀರು, ಒಂದು ಪಾಕೀಟು ಸೋಪಿನ ಪುಡಿ.
(ಯಾವ ಕ್ವಾರಿ ಕಲ್ಲೋ ಆ ನೆಲ. ನಾನು ಕೇಳಲಿಲ್ಲ,
ಅವನು ಬಗ್ಗಿ ಒಮ್ಮೆ ಮುಟ್ಟಿ ನೋಡಿದ, ಅಷ್ಟೆ.)
ಸೀಮೆಸುಣ್ಣದಲ್ಲಿ ಮೂರು ಸುತ್ತು ಬರೆದೆ.
ದುರ್ಗದೋರಿಗೆ ಏಳು ಬೇಕು, ಇರಲಿ.
ಅವ್ವನ ಬೀಸೋ ಕಲ್ಲು ಚೀಲದಿಂದ ಇಳಿಸಿದೆ.
ವಾಚ್‌ಮನ್ ಗಾದ್ರೆಪ್ಪ ಬೈಯೋಕೆ ಅಂತಲೇ ಬಂದು
ಬ್ಯಾಟರಿ ಬಿಟ್ಟುಕೊಂಡು ನಿಂತ.

ಒಂದನೇದು ಹೊಸದುರ್ಗದ ಪ್ಲಾಟ್‌ಫಾರ್ಮಿಗೆ ಹೊಡೀತು.
ಎರಡನೇದು ನಾಯಿ ಎಬ್ಬಿಸಿತು.
ಮೂರನೇದಕ್ಕೆ ಪಾಲಯ್ಯ ಬಹಳ ಹೊತ್ತು ಸುಮ್ಮನಿದ್ದ.
ನಾನು ಕುಕ್ಕರುಗಾಲಲ್ಲಿ ಕೂತು
ಹಿಂದಿನಿಂದ ಎರಡೂ ಗಾಲಿ ಹಿಡಿದಿದ್ದೆ.
ನನ್ನ ಕಸಬರಿಗೆಯ ಕೋಲಿನಿಂದಲೇ ನೂಕಿದ.

ಹೊರಟಿತು ಕಲ್ಲು, ಸದ್ದಿಲ್ಲದೆ, ಗೂಟ ತಿರುಗಿಸ್ತಾ.
ಆಗ ಕಂಡಿತು ನನಗೆ
ದಾರಿಯ ನಟ್ಟನಡುವೆ ಒಂದು ಬೀಡಿ ತುಂಡು.
ಇಪ್ಪತ್ತೆರಡು ವರ್ಷದ ಕೈ,
ಎದ್ದು ಓಡು ಅಂತು.
‘ಬಿಡು’ ಅಂದ ಅವನು, ತಿರುಗಿ ನೋಡದೆ.
ಗಾಲಿ ಬಿಟ್ಟಿರೆ ಅವನು ಜಾರ್ತಾನೆ.
ಗಾಲಿ ಬಿಡಲಿಲ್ಲ.

ಹಿರಿಯೂರು ಬಸ್ಸು ಲೈಟು ಹಾಕ್ಕೊಂಡು ಒಳಗೆ ತಿರುಗಿತು.
ನೆಲವೆಲ್ಲ ಬೆಳ್ಳಗಾಯಿತು.
ಕಲ್ಲು ಇನ್ನೂ ಹೋಗ್ತಿತ್ತು.