ವಾಪಸು ಕೊಟ್ಟಿದೆ

ಪೆನ್ನು ಒಳಗೆ ಬಿಡುವುದಿಲ್ಲ.
ಬ್ಯಾಗು, ಟಿಫಿನ್ ಡಬ್ಬಿ, ನೀರಿನ ಬಾಟಲಿ
ಬಾಗಿಲ ಬಳಿಯ ಬೀರುವಿಗೆ.
ಒಂದು ಪೆನ್ಸಿಲ್ಲು, ಹತ್ತು ಬಿಳಿ ಹಾಳೆ ಹಿಡಿದು
ಪರೀಕ್ಷೆಗೆ ಬಂದವಳಂತೆ ಕೂರುತ್ತೇನೆ
ಶನಿವಾರ ಶನಿವಾರ,
ವಿಧಾನಸೌಧದ ಗಲಾಟೆ ಕೇಳಿಸದಷ್ಟು ಒಳಗೆ.

ಅಟೆಂಡರ್ ರುದ್ರಾಚಾರಿ ಕಡತ ಇಳಿಸುವಾಗ
ಎಳೆಗೂಸಿನ ಕತ್ತಿಗೆ ಕೊಟ್ಟ ಹಾಗೆ
ಕೆಳಗೊಂದು ಕೈ ಕೊಡುತ್ತಾರೆ.
'ತಿರುಗಿಸ್ಬೇಡಿ ಮೇಡಂ, ಮಗುಚಿ.'
ತಿರುಗಿಸುವುದಕ್ಕೂ ಮಗುಚುವುದಕ್ಕೂ ಇರುವ ಅಂತರ ತಿಳಿಯಲು
ನನಗೆ ಮೂರು ವಾರ ಹಿಡಿಯಿತು.

ನಾನು ಹುಡುಕುತ್ತಿರುವುದು ಒಂದು ಕೆರೆ.
ಹೆಸರು ಬೇಡ, ಈಗ ಅದರ ಮೇಲೆ ಬಸ್ಸುಗಳು ಮಲಗುತ್ತವೆ.
ಕೆರೆಯ ಕಾಗದಕ್ಕೇನೂ ಬರವಿಲ್ಲ:
ಏರಿಯ ಉದ್ದ, ತೂಬಿನ ಅಗಲ,
ಹೂಳೆತ್ತಲು ಅಂದಾಜು, ಅಂದಾಜಿಗೆ ಆಕ್ಷೇಪ,
ಆಕ್ಷೇಪಕ್ಕೆ ಸಮಜಾಯಿಷಿ,
ಎಂಜಿನಿಯರ್ ಸಾಹೇಬರ ಕುದುರೆಗೆ ಹುರುಳಿ ಮೂರು ಸೇರು.
ತೂಬು ಎತ್ತಿ ಇಳಿಸಿದ ಕೈ ಮಾತ್ರ
ಎಲ್ಲೂ ಇಲ್ಲ.
'ಮೂಲ ಆಕರ ಎಲ್ಲಮ್ಮ?' ಎಂದು
ಗೈಡು ಅಂಚಿನಲ್ಲಿ ಕೆಂಪಗೆ ಬರೆಯುತ್ತಾರೆ.

ಸಿಕ್ಕಿದ್ದು ಕಡತದಲ್ಲಲ್ಲ.
ಅರ್ಜಿಗಳ ರಿಜಿಸ್ಟರು, ಸಾವಿರದ ಒಂಬೈನೂರ ಏಳು,
ಹುಳು ತಿಂದು ಉಳಿಸಿದ ಎಡಪುಟ, ಕೆಳಗಿನಿಂದ ಮೂರನೆಯದು:

'ನೀರಗಂಟಿ ದೊಡ್ಡಮೊಟ್ಟನ ಹೆಂಡತಿ ಪಿಳ್ಳಕ್ಕನ ಅರ್ಜಿ.
ಬಾಬ್ತು, ಕೆರೆ ಕೆಳಗಣ ಮಾನ್ಯದ ಜಮೀನು.
ಸ್ಟಾಂಪು ಎರಡಾಣೆ ಕಮ್ಮಿ.
ವಾಪಸು ಕೊಟ್ಟಿದೆ.'

ಫ್ಯಾನು ತಿರುಗುತ್ತಲೇ ಇತ್ತು.
ರುದ್ರಾಚಾರಿ ಟೀಗೆ ಹೋಗಿದ್ದರು.
ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ಒಂದು ವರ್ಷ ನಾನು ಬೈದದ್ದೇ ಬೈದದ್ದು:
ಕಳೆದಿದ್ದಾರೆ, ಸುಟ್ಟಿದ್ದಾರೆ, ಗೆದ್ದಲಿಗೆ ಬಿಟ್ಟಿದ್ದಾರೆ.
ಯಾರೂ ಕಳೆದಿಲ್ಲ.
ಅದನ್ನು ಒಳಗೇ ಬಿಟ್ಟಿರಲಿಲ್ಲ,
ನನ್ನ ಪೆನ್ನಿನ ಹಾಗೆ.
ಆಕರ ನಡೆದುಕೊಂಡು ಮನೆಗೆ ಹೋಗಿದೆ,
ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಗಂಟಿನಲ್ಲಿ,
ಎಲೆಯಡಿಕೆಯ ಜೊತೆ,
ಕಚೇರಿ ಮೆಟ್ಟಿಲಿಳಿದು, ಪೇಟೆ ದಾಟಿ,
ಗಂಡ ಕಾಯುತ್ತಿದ್ದ ಏರಿಯ ಮೇಲೇ.

ಆಮೇಲೆ?
ಬರೆದುಕೊಟ್ಟವನಿಗೆ ಎಷ್ಟು ತೆತ್ತಿದ್ದಳೋ.
ಆ ಎರಡಾಣೆ ಉಳಿಸಿಕೊಂಡವನೂ ಅವನೇ ಇರಬಹುದು.
ಇದು ಊಹೆ. ಗೈಡು ಅಡ್ಡಗೆರೆ ಎಳೆಯುತ್ತಾರೆ.
ಎಳೆಯಲಿ.
ಇದೂ ಊಹೆಯೇ: ಹಿಟ್ಟಿನ ಮಡಕೆಯ ಬಾಯಿಗೆ ಮುಚ್ಚಿದಳು,
ಅಥವಾ ಗೋಡೆಗೂಡಿನಲ್ಲಿಟ್ಟು
ಹತ್ತು ಮಳೆಗಾಲ ಒಲೆಯ ಹೊಗೆ ಕುಡಿಸಿದಳು,
ಅಥವಾ ಎರಡಾಣೆ ಕೂಡಿಸಿಕೊಂಡು
ಮತ್ತೆ ಹೋದಳು.
ಆ ವರ್ಷದ ಉಳಿದ ಸಾಲುಗಳನ್ನೆಲ್ಲ ಓದಿದೆ,
ಮುಂದಿನ ವರ್ಷದವನ್ನೂ.
ಹೋಗಿಲ್ಲ.
ಹೋಗಿದ್ದರೆ, ಅದು ಹುಳದ ಹೊಟ್ಟೆಯಲ್ಲಿದೆ.

ಡಿಪೋ ಹಿಂದಿನ ಓಣಿಯಲ್ಲಿ ವಿಚಾರಿಸಿದೆ.
ಖಾಲಿ ಕೊಡಗಳ ಸಾಲಿನಲ್ಲಿ ಕೂತಿದ್ದ ಅಜ್ಜಿ
'ಯಾವ ಪಿಳ್ಳಕ್ಕ? ನಮ್ ಬೀದೀಲೇ ಮೂರು ಜನ ಇದ್ರು' ಅಂದಳು.
ಹಳೆಯ ಕಾಗದ, ಪತ್ರ, ಏನಾದರೂ?
ಹಲ್ಲಿಲ್ಲದ ಬಾಯಿ ನಕ್ಕಿತು:
'ಕಾಗ್ದ ಇದ್ದಿದ್ರೆ ನಾವ್ಯಾಕವ್ವ ಇಲ್ಲಿರ್ತಿದ್ವಿ?'

ಅಷ್ಟರಲ್ಲಿ ವಾಲ್ವ್‌ಮ್ಯಾನ್ ಬಂದ.
ಬೆಂಗಳೂರಿಗೆ ಈಗ ಕಾವೇರಿ, ಇವರಿಗೆ ದಿನ ಬಿಟ್ಟು ದಿನ.
ರಸ್ತೆಯ ಮುಚ್ಚಳ ಎತ್ತಿ, ಮೊಣಕಾಲೂರಿ,
ಎದೆಯುದ್ದದ ಕಬ್ಬಿಣದ ಕೀಲಿ ಒಳಗಿಳಿಸಿ
ಆರೂವರೆ ಸುತ್ತು ತಿರುಗಿಸಿದ.
ಎಣಿಸಿದೆ. ಕೊಳಾಯಿ ಕೆಮ್ಮಿ, ಸೀನಿ, ಬಂತು.
ಅಜ್ಜಿ ನನ್ನನ್ನು ಮರೆತಳು.

ರಸ್ತೆಯ ಬದಿ ನಿಂತು ಬರೆದುಕೊಂಡೆ,
ಕಿಸೆಯಲ್ಲಿದ್ದದ್ದು ಅದೇ ಪೆನ್ಸಿಲ್ಲು:
ತಾರೀಖು, ಬೆಳಗಿನ ಐದು ನಲವತ್ತು, ಆರೂವರೆ ಸುತ್ತು,
ಬಲಗೈ ಹೆಬ್ಬೆರಳಿಗೆ ಹಳೆಯ ಬಟ್ಟೆ ಕಟ್ಟಿತ್ತು.
ಹೆಸರು ಕೇಳಿದೆ.
'ಯಾಕೆ ಮೇಡಂ, ಕಂಪ್ಲೇಂಟಾ?' ಎಂದ,
ಹೇಳದೆ
ಕೀಲಿಯನ್ನು ಹೆಗಲಿಗೇರಿಸಿ ಮುಂದಿನ ಬೀದಿಗೆ ಹೋದ.