ರಕ್ತದಂಥ

ಬನಹಟ್ಟಿಯ ಆ ಮಗ್ಗದ ಮನೆಯಲ್ಲಿ
ನನ್ನ ಮೊದಲ ಪಂಚನಾಮೆ.
ಗೋಡೆಗೊರಗಿ ದುಂಡವ್ವ. ಕಂಡಿಕಿ ಸುತ್ತುತ್ತಿದ್ದ ಕೈ
ತೊಡೆಯ ಮೇಲೆ ಅಂಗಾತ.
ನಾನು ಬರೆದೆ: ನೆಲದ ಮೇಲೆ ರಕ್ತ.

ಹವಾಲ್ದಾರ ಜಕಾತಿ ಬಗ್ಗಿ ಓದಿದರು.
"ನೀವೇನ್ ಡಾಕ್ಟರೇನ್ರಿ ಮೇಡಮ್ಮಾರ?
ಹೊಡದ ಹಾಕ್ರಿ ಅದನ್ನ.
ರಕ್ತದಂಥ ಕಲೆ ಅಂತ ಬರೀರಿ."

ಕಾಲೇಜಿನಲ್ಲಿ ಉಪಮೆ ಕಲಿತವಳು ನಾನು,
ಮೊಗಕ್ಕೆ ಚಂದ್ರನನ್ನು ತರಲಿಕ್ಕೆ.
ಇಲ್ಲಿ ಅದು
ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಬಗೆ.

ಹೊರಗೆ ಓಣಿ ಆಗಲೇ ತೀರ್ಪು ಕೊಟ್ಟಿತ್ತು.
ಗಂಡ ಕಾಡಪ್ಪ ಕುಡಿದು ಬಂದಿದ್ದನಂತ,
ರೊಕ್ಕ ಕೇಳಿದನಂತ,
ಧೋತರದ ತುಂಬ ಕೆಂಪಂತ.
"ಹೊರಗಿನ ಅಂತ ಒಳಗ ಬರಬಾರದು,
ಒಳಗಿನ ಅಂಥ ಬಿಡಬಾರದು," ಅಂದರು ಜಕಾತಿ.
ತ ಅಲ್ಪಪ್ರಾಣ, ಥ ಮಹಾಪ್ರಾಣ,
ನಡುವೆ ಒಂದು ಚೂರು ಉಸಿರು;
ಅದು ಕಾಡಪ್ಪನದು.

ಬಾಗಿಲಿಗೆ ಹಗ್ಗ ಕಟ್ಟಿಸಿದರು.
ಹೋದ ಹೆಜ್ಜೆಯಲ್ಲೇ ತಿರುಗಿ ಬರಬೇಕು.
ಟೇಪು ಹಿಡಿದವನು ಚಹಾದಂಗಡಿಯ ಬಂದಗಿಸಾಬ,
ಪಂಚ ನಂಬರ್ ಒಂದು.
ಅವನ ಕೈ ನಡುಗಿ ನಾಲ್ಕಡಿ ಐದಾಯಿತು.
ಮತ್ತೆ ಅಳೆಸಿದರು.

"ಮಗ್ಗ ನೋಡ್ರಿ."
ನಿಂತಿದೆ ಸರ್.
"ನಿಂತೈತಿ ಅನ್ನೂದು ನೊಣಕ್ಕೂ ಕಾಣತೈತಿ. ಹೆಂಗ ನಿಂತೈತಿ?"

ಸ್ವಿಚ್ಚು ಬಂದ್. ನೂಲು ಹರಿದಿಲ್ಲ.
ಲಾಳಿ ಎಡದ ಪೆಟ್ಟಿಗೆಯಲ್ಲಿ, ಒಪ್ಪವಾಗಿ.
ಯಾರೋ ಅವಸರವಿಲ್ಲದೆ ನಿಲ್ಲಿಸಿದ್ದಾರೆ
ಎಂದು ಬರೆಯಹೋದೆ. ಪೆನ್ನಿನ ಮೇಲೆ ಅವರ ಬೆರಳು ಬಂತು.
ಸ್ವಿಚ್ಚು ಬಂದ್, ಪೂರ್ಣವಿರಾಮ.
ನೂಲು ಹರಿದಿಲ್ಲ, ಪೂರ್ಣವಿರಾಮ.

ಧೋತರವನ್ನು ಬಿಳಿ ಬಟ್ಟೆಯಲ್ಲಿಟ್ಟು ಹೊಲಿದೆವು,
ಹೊಲಿಗೆಯ ಮೇಲೆ ಅರಗು, ಅರಗಿನ ಮೇಲೆ ಮೊಹರು.
ಕರಗಿದ ಅರಗೂ ಕೆಂಪೇ. ನನ್ನ ಹೆಬ್ಬೆರಳು ಸುಟ್ಟಿತು.
ಬೆಳಗಾವಿಯ ಬಸ್ಸಿನಲ್ಲಿ ಪೇದೆಯೊಬ್ಬ
ಗಂಟನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಹೋದ,
ಉಚ್ಚೆಗೂ ಇಳಿಯದೆ.

ಉತ್ತರ ಬರಲು ನಾಲ್ಕು ತಿಂಗಳು.
ನೆಲದ್ದು ಮನುಷ್ಯರಕ್ತ.
ಧೋತರದ್ದು ನೂಲಿಗೆ ಹಾಕುವ ಬಣ್ಣ.
ಬಣ್ಣದ ಮನೆಯಲ್ಲಿ ಬಿದ್ದಿದ್ದೆನೆಂದು
ಕಾಡಪ್ಪ ಮೊದಲ ದಿನವೇ ಅತ್ತಿದ್ದ.
ಯಾರೂ ಬರೆದುಕೊಂಡಿರಲಿಲ್ಲ.
ನಾನೂ.

ಅವನು ಬಂಡಿ ಹೊಡೆಯುವವ, ಮಗ್ಗ ಮುಟ್ಟಿದವನಲ್ಲ.
ಜಕಾತಿ ಅಷ್ಟರಲ್ಲಿ ನಿವೃತ್ತರಾಗಿದ್ದರು.
ಆ ಎರಡು ಸಣ್ಣ ವಾಕ್ಯ ಹಿಡಿದು
ಮತ್ತೆ ಓಣಿಗಿಳಿದೆ,
ನೂಲು ಹರಿಯದಂತೆ ನಿಲ್ಲಿಸಬಲ್ಲ
ಕೈಗಳನ್ನು ನೋಡುತ್ತ.

ಯಾರ ಕೈಯೆಂದು ಇಲ್ಲಿ ಬರೆಯಲಾರೆ.
ಕೇಸು ಇನ್ನೂ ನಡೆದಿದೆ.
ನಿನ್ನೆ ಕಟಕಟೆಯಲ್ಲಿ ಬಂದಗಿಸಾಬ, ಟೊಪ್ಪಿಗೆ ಸರಿಮಾಡಿಕೊಳ್ಳುತ್ತ.
ವಕೀಲರು ಕೇಳಿದರು: ಟೇಪು ನೀನೇ ಹಿಡಿದೆಯಂತ?
"ಹಿಡದೇನಂತ ಅಲ್ರಿ, ಹಿಡದೇನಿ.
ಕೈ ನಡಗತಿತ್ತು.
ಅದಕ್ಕ ಎರಡ ಸಲ ಹಿಡದೇನ್ರಿ."